ಕನ್ನಡ ಅಕ್ಷರ ದೊಡ್ಡದು ಮಾಡಿ ಅಂದ್ರೆ ಇಡೀ ಪುಟಾನೇ ಊದಿಸೋ ಬ್ರೌಸರ್‌ಗಳು

ಬ್ರೌಸರ್‌ನಲ್ಲಿ ಕನ್ನಡದ ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿ, ಇಷ್ಟದ ಫಾಂಟ್‌ನಲ್ಲಿ ಕಾಣಬೇಕು. ಕೇಳಿದ್ದು ಇಷ್ಟೇ. 13 ಪಿಕ್ಸೆಲ್‌ನಲ್ಲಿ ಇಂಗ್ಲಿಷ್ ಆರಾಮಾಗಿ ಓದಬಹುದು. ಅದೇ ಅಳತೇಲಿ ‘ರಾಷ್ಟ್ರ’ ಬರೆದ್ರೆ ಷ ಕೆಳಗಿನ ಎರಡೂ ಒತ್ತು ಸೇರಿ ಮಸಿಚುಕ್ಕೆ. ಜೂಮ್ ಮಾಡ್ಕೊಳಿ ಅನ್ನೋ ಮಹಾನುಭಾವರಿಗೆ ದೊಡ್ಡ ನಮಸ್ಕಾರ. ಜೂಮ್ ಮಾಡಿದ್ರೆ ಜಾಹೀರಾತೂ ದೊಡ್ಡದಾಗುತ್ತಲ್ಲ ಸ್ವಾಮಿ!

ಕ್ರೋಮ್ ಕಥೆ ಚಿಕ್ಕದು. ಅಪಿಯರೆನ್ಸ್‌ನಲ್ಲಿ ಕಸ್ಟಮೈಸ್ ಫಾಂಟ್ಸ್ ತೆಗೆದ್ರೆ ಎಲ್ಲಾ ಲಿಪಿಗೂ ಸೇರಿಸಿ ಒಂದೇ ಪಟ್ಟಿ, ಕನ್ನಡದ ಸುದ್ದಿಯೇ ಇಲ್ಲ. ನಮ್ಮದೇ ಸಿಎಸ್ಎಸ್ (ಪುಟ ಹೇಗೆ ಕಾಣಬೇಕು ಅನ್ನೋ ನಿಯಮಗಳು) ಹಾಕೋ ಸೌಲಭ್ಯ ಇತ್ತು, 2014ರಲ್ಲಿ ಅದನ್ನೂ ಕಿತ್ತು ಬಿಸಾಕಿದ್ರು. ಈಗ ಆ ನಿಯಮ ಹಾಕೋಕೆ ಸ್ಟೈಲಸ್ ಥರದ ಎಕ್ಸ್‌ಟೆನ್ಷನ್ನೇ ಗತಿ.

ಫೈರ್‌ಫಾಕ್ಸ್‌ನಲ್ಲಿ ಕನ್ನಡಕ್ಕೇ ಬೇರೆ ಆಯ್ಕೆ ಇದೆ, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ. ಸೆಟ್ಟಿಂಗ್ಸ್, ಫಾಂಟ್ಸ್, ಅಡ್ವಾನ್ಸ್ಡ್, ಆಮೇಲೆ ಮೇಲಿನ ಪಟ್ಟೀಲಿ ‘ಲ್ಯಾಟಿನ್’ ಬದಲು ‘ಕನ್ನಡ’. ಕನಿಷ್ಠ ಅಳತೆ 18 ಕೊಟ್ಟು ಪುಟ ತೆಗೆದ್ರೆ ಏನೂ ಬದಲಾಗಿರಲ್ಲ. ಯಾಕಂದ್ರೆ ಆ ಅಳತೆ ನಡೆಯೋದು ಪುಟ ತನ್ನ ಭಾಷೆ ‘ಕೆಎನ್’ (ಕನ್ನಡದ ಸಂಕೇತ) ಅಂತ ಹೇಳ್ಕೊಂಡಿದ್ರೆ ಮಾತ್ರ. ಪುಟದ ಸೋರ್ಸ್ ಕೋಡ್ ತೆಗೆದು ಮೊದಲ ಸಾಲು ನೋಡಿ: ಅಪ್ಪಟ ಕನ್ನಡದ ಎಷ್ಟೋ ಪುಟಗಳು ‘ಇಎನ್-ಯುಎಸ್’, ಅಂದ್ರೆ ಅಮೆರಿಕನ್ ಇಂಗ್ಲಿಷ್ ಅಂತ ಹಣೆಪಟ್ಟಿ ಕಟ್ಕೊಂಡು ಕೂತಿರ್ತವೆ. ಪುಟದ ಸ್ವಂತ ಫಾಂಟ್ ಬೇಡ ಅಂತ ಟಿಕ್ ತೆಗೆದ್ರೆ ಕೆಲವು ಕಡೆ ಮೆನು, ಹುಡುಕಾಟದ ಐಕಾನ್‌ಗಳೇ ಚೌಕ ಡಬ್ಬಿ ಆಗ್ತವೆ. ಅವೂ ಫಾಂಟೇ ತಾನೆ.

ಕೊನೆಗೆ ಉಳಿಯೋದು ಯೂಸರ್‌ಕಂಟೆಂಟ್.ಸಿಎಸ್ಎಸ್, ಅಂದ್ರೆ ಫೈರ್‌ಫಾಕ್ಸ್‌ಗೆ ನಮ್ಮದೇ ಸಿಎಸ್ಎಸ್ ಕೊಡೋ ಕಡತ. ವಿಳಾಸದ ಪಟ್ಟೀಲಿ ಅಬೌಟ್:ಸಪೋರ್ಟ್ ಅಂತ ಟೈಪಿಸಿ, ಅಲ್ಲಿಂದ ಪ್ರೊಫೈಲ್ ಫೋಲ್ಡರ್ ತೆಗೆದು, ‘ಕ್ರೋಮ್’ ಅನ್ನೋ ಫೋಲ್ಡರ್ ಮಾಡಿ (ಹೌದು, ಎದುರಾಳಿ ಹೆಸರೇ!) ಅದರೊಳಗೆ ಇಡಬೇಕು. ವಿಂಡೋಸ್ ಕದ್ದುಮುಚ್ಚಿ ಕೊನೇಲಿ ‘.ಟಿಎಕ್ಸ್‌ಟಿ’ ಅಂಟಿಸಿರುತ್ತೆ, ನೋಡ್ಕೊಳಿ. 2019ರ 69ನೇ ಆವೃತ್ತಿಯಿಂದ ಈ ಕಡತವನ್ನ ತಾನಾಗೇ ಓದೋದನ್ನೂ ನಿಲ್ಲಿಸಿದ್ದಾರೆ. ಅದೇ ಥರ ಅಬೌಟ್:ಕಾನ್ಫಿಗ್‌ನಲ್ಲಿ ‘ಲೆಗಸಿಯೂಸರ್’ ಹುಡುಕಿ ಟ್ರೂ ಮಾಡಿ, ಬ್ರೌಸರ್ ಮುಚ್ಚಿ ತೆಗೀಬೇಕು.

ಪುಟ ಕೇಳೋ ಫಾಂಟ್ ಏರಿಯಲ್ ಅಂದ್ಕೊಳಿ. ಒಳಗೆ ಬರೆಯೋದು: ಏರಿಯಲ್ ಹೆಸರಲ್ಲಿ ಒಂದು ಫಾಂಟ್-ಫೇಸ್ (ಯಾವ ಹೆಸರಿಗೆ ಯಾವ ಫಾಂಟ್ ಅನ್ನೋ ನಿಯಮ), ಮೂಲ ನೋಟೊ ಸ್ಯಾನ್ಸ್ ಕನ್ನಡ ಫಾಂಟ್, ಯೂನಿಕೋಡ್-ರೇಂಜ್ (ಯಾವ ಅಕ್ಷರಗಳಿಗೆ ಅನ್ನೋದು) ಕನ್ನಡದ್ದು ಮಾತ್ರ, ಸೈಜ್-ಅಡ್ಜಸ್ಟ್ (ಅಳತೆ) 115%. ಇಷ್ಟಕ್ಕೇ ಬಿಟ್ರೆ ಇಂಗ್ಲಿಷ್ ಕೆಡುತ್ತೆ, ಯಾಕಂದ್ರೆ ನಿಮ್ಮ ‘ಏರಿಯಲ್’ ಅಸಲಿ ಏರಿಯಲ್ಲನ್ನ ಮರೆಮಾಡುತ್ತೆ. ಅದೇ ಹೆಸರಲ್ಲಿ ಅಸಲಿಗೂ ಇನ್ನೊಂದು ಫಾಂಟ್-ಫೇಸ್ ಬರೀಬೇಕು. ದಪ್ಪಕ್ಷರಕ್ಕೆ ಬೋಲ್ಡ್ ಬೇರೆ ಕೊಡದಿದ್ರೆ ಬ್ರೌಸರ್ ತಾನೇ ಬಳಿದು ಒತ್ತುಗಳನ್ನ ಮತ್ತೆ ಮಸಿ ಮಾಡುತ್ತೆ. ಏರಿಯಲ್ ಆಯ್ತು, ವರ್ಡಾನಾ, ರೋಬೋಟೊ, ಜಾರ್ಜಿಯಾ? ಪ್ರತಿಯೊಂದಕ್ಕೂ ಇದೇ ಪೂಜೆ.

ಫೋನಿನ ಕ್ರೋಮ್‌ನಲ್ಲಂತೂ ಅಳತೆಗೆ ಒಂದು ಸ್ಲೈಡರ್ ಕೊಟ್ಟು ಕೈ ತೊಳ್ಕೊಂಡಿದ್ದಾರೆ. ಫಾಂಟ್ ಆರಿಸೋ ಜಾಗವೇ ಇಲ್ಲ.