ರಿಯಾಕ್ಟಿವ್ ಅಂದ ಕೂಡಲೇ ಕಾಯಿಲೆ ಅಲ್ಲ

‘ರಕ್ತ ಕೊಟ್ಟ ಮೇಲೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂದರೆ ಕಾಯಿಲೆ ಗ್ಯಾರಂಟಿ.’ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು. ಇದನ್ನು ನಂಬಿ ನಮ್ಮ ನೆರೆಯವರೊಬ್ಬರು ಎರಡು ವಾರ ತಟ್ಟೆ, ಲೋಟ ಬೇರೆ ಇಟ್ಟುಕೊಂಡು ಊಟ ಮಾಡಿದರು. ನೋಡಿ ಸಂಕಟವಾಯಿತು.

ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ 5ಕ್ಕೆ ಪರೀಕ್ಷಿಸುತ್ತಾರೆ. ಸೋಂಕಿನ ಒಂದು ಚೀಲವೂ ತಪ್ಪಿಸಿಕೊಳ್ಳಬಾರದು ಅಲ್ವಾ? ಅದಕ್ಕೇ ಮೊದಲ ಪರೀಕ್ಷೆ ತುಂಬಾ ಸೂಕ್ಷ್ಮ. ಏನೂ ಇಲ್ಲದವರ ರಕ್ತವೂ ಕೆಲವೊಮ್ಮೆ ‘ರಿಯಾಕ್ಟಿವ್’, ಅಂದರೆ ಸೋಂಕು ಇರಬಹುದು, ಎಂದು ಬರುತ್ತದೆ.

ಆ ನೆರೆಯವರಿಗೆ ರಿಯಾಕ್ಟಿವ್ ಬಂದದ್ದು ಹೆಪಟೈಟಿಸ್ ಸಿ ಆಂಟಿಬಾಡಿ ಪರೀಕ್ಷೆಯಲ್ಲಿ. ಆಂಟಿಬಾಡಿ ಅಂದರೆ ವೈರಸ್ ಅಲ್ಲ, ವೈರಸ್ ವಿರುದ್ಧ ಮೈ ತಯಾರಿಸಿದ ಪ್ರೋಟೀನು. ಸೋಂಕು ತಗಲಿದ 100 ಮಂದಿಯಲ್ಲಿ ಸುಮಾರು 30 ಮಂದಿಗೆ ಮದ್ದಿಲ್ಲದೆಯೇ 6 ತಿಂಗಳೊಳಗೆ ವೈರಸ್ ಹೋಗುತ್ತದೆ. ಆಂಟಿಬಾಡಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ವೈರಸ್ ಈಗಲೂ ಇದೆಯಾ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ ಬೇಕು. ಇದ್ದರೂ ಮಾತ್ರೆಯಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ತಟ್ಟೆ, ಲೋಟದಿಂದ ಅದು ಹರಡುವುದೇ ಇಲ್ಲ.

ಫೋನ್ ಬಂದರೆ ಸುಮ್ನೆ ಕೂರಬೇಡಿ, ಹೋಗಿ ಖಚಿತ ಮಾಡಿಸಿಕೊಳ್ಳಿ. ಎಚ್‌ಐವಿಗಾದರೆ ಕೇರಳದ ‘ಜ್ಯೋತಿಸ್’ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿರುತ್ತದೆ. ಅಲ್ಲಿಯವರೆಗೆ ರಕ್ತ ಕೊಡಬೇಡಿ.

ಇನ್ನೊಂದು ಮಾತು. ಸೋಂಕು ತಗಲಿ ಕೆಲವು ವಾರ ಆಂಟಿಬಾಡಿ ಕಾಣಿಸುವುದಿಲ್ಲ. ಸಂಶಯ ಇದ್ದವರು ಪರೀಕ್ಷೆಗೆಂದು ರಕ್ತದಾನ ಮಾಡಲೇಬಾರದು.