ಮರೆತರೆ ನಗಬೇಡಿ, ಸ್ಕ್ಯಾನಿಗೂ ಓಡಬೇಡಿ

ವಯಸ್ಸಾದವರು ಹೇಳಿದ್ದನ್ನೇ ಮತ್ತೆ ಹೇಳಿದಾಗ "ಅರವತ್ತಕ್ಕೆ ಅರಳುಮರುಳು" ಎಂದು ನಕ್ಕವರಲ್ಲಿ ನಾನೂ ಒಬ್ಬ. ಈಗ ನಗು ಬರುವುದಿಲ್ಲ.

ಮರೆವು ಅಂದರೆ ಡಬ್ಬಿಯಲ್ಲಿದ್ದ ನೆನಪು ಖಾಲಿಯಾಗುವುದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಆದರೆ ಶುರುವಿನಲ್ಲಿ ಎಷ್ಟೋ ಸಲ ಕೆಡುವುದು ಮಿದುಳಿನ ಭಾಗಗಳ ನಡುವಿನ ಮಾತುಕತೆ. ಸುಮ್ನೆ ಮಲಗಿದ್ದಾಗಲೂ ಮಿದುಳಿನ ದೂರದೂರದ ಭಾಗಗಳ ಚಟುವಟಿಕೆ ಒಂದೇ ತಾಳದಲ್ಲಿ ಏರಿಳಿಯುತ್ತದೆ ಎಂದು ವಿಜ್ಞಾನಿ ಭರತ್ ಬಿಸ್ವಾಲ್ ಮತ್ತು ಜೊತೆಗಾರರು 1995ರಲ್ಲೇ ಎಂಆರ್‌ಐನಲ್ಲಿ ತೋರಿಸಿದ್ದರು. ಆಮೇಲೆ 2001ರಲ್ಲಿ ನರವಿಜ್ಞಾನಿ ಮಾರ್ಕಸ್ ರೇಕಲ್ ಅವರ ತಂಡ, ನಾವು ಏನೂ ಮಾಡದೆ ಕೂತಾಗಲೇ ಜಾಸ್ತಿ ಚುರುಕಾಗಿರುವ ಭಾಗಗಳಿವೆ ಎಂದು ಹೇಳಿತು. ಆ ಭಾಗಗಳ ಜಾಲಕ್ಕೆ ಡೀಫಾಲ್ಟ್ ಮೋಡ್ ಎಂದು ಹೆಸರು. ಹಳೆಯದನ್ನು ನೆನೆಯುವಾಗ, ನಾಳೆಯದನ್ನು ಯೋಚಿಸುವಾಗ ಕೆಲಸ ಮಾಡುವುದು ಇದೇ ಜಾಲ. ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮೊದಮೊದಲು ಸೇರಿಕೊಳ್ಳುವ ಜಾಗಗಳೂ ಬಹಳಷ್ಟು ಇಲ್ಲೇ. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್‌ಗೂ ಈ ಜಾಲದ ಹಿಂಬದಿಗೂ ಇರುವ ತಾಳ ನಿಧಾನಕ್ಕೆ ತಪ್ಪುತ್ತದೆ.

ನನ್ನ ತಲೆ ಕೆಡಿಸಿದ್ದು ಬೇರೆ ಸಂಗತಿ. ಮರೆವಿನ ಶುರುವಿನ ಹಂತದಲ್ಲಿ ಕೆಲವರ ಹಿಪೊಕ್ಯಾಂಪಸ್ ಮಂಕಾಗುವ ಬದಲು ಅತಿಯಾಗಿ ಚುರುಕಾಗುತ್ತದೆ. ಪಾಪ, ಕೊರತೆ ತುಂಬಲು ಓವರ್‌ಟೈಮ್ ಮಾಡುತ್ತಿದೆ ಅಂತ ನಾನು ನಂಬಿದ್ದೆ. ಆದರೆ 2012ರ ಒಂದು ಚಿಕ್ಕ ಪ್ರಯೋಗದಲ್ಲಿ ಮೂರ್ಛೆರೋಗದ ಔಷಧ ಲೆವೆಟಿರಾಸೆಟಮ್ಮನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ಆ ಗದ್ದಲ ತಗ್ಗಿಸಿದಾಗ, ನೆನಪಿನ ಪರೀಕ್ಷೆಯಲ್ಲಿ ಅವರು ಇನ್ನೂ ಚೆನ್ನಾಗಿ ಮಾಡಿದರು. ಅಂದರೆ ಆ ಓಡಾಟವೆಲ್ಲ ಸಹಾಯವಲ್ಲ, ಅದರಲ್ಲಿ ತೊಂದರೆಯ ಪಾಲೂ ಇದೆ. (ಹಾಗಂತ ಅದು ಮರೆವಿನ ಮಾತ್ರೆ ಅಲ್ಲ, ದಯವಿಟ್ಟು ಯಾರೂ ತಂದು ನುಂಗಬೇಡಿ.)

ಇಷ್ಟು ಓದಿ "ಹಾಗಾದರೆ ಒಂದು ಸ್ಕ್ಯಾನ್ ಮಾಡಿಸಿಬಿಡೋಣ" ಅನ್ನುವವರಿಗೆ ನನ್ನ ತಕರಾರಿದೆ. ಮೇಲೆ ಹೇಳಿದ್ದೆಲ್ಲ ಹಲವರನ್ನು ಒಟ್ಟಿಗೆ ನೋಡಿ ಕಂಡದ್ದು, ಒಬ್ಬೊಬ್ಬರ ಬಗ್ಗೆ ಅಲ್ಲ. ಯಂತ್ರದೊಳಗೆ ತಲೆ ಒಂಚೂರು ಅಲುಗಿದರೂ ದೂರದ ಭಾಗಗಳ ಸಂಪರ್ಕ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ. ವಯಸ್ಸಾದವರ ತಲೆ ಅಲುಗುವುದು ಜಾಸ್ತಿಯೇ. ಒಬ್ಬರ ಚಿತ್ರ ಹಿಡಿದು "ನಿಮಗೆ ಮರೆವಿನ ಕಾಯಿಲೆ" ಎಂದು ಹೇಳಲು ಅದೊಂದೇ ಸಾಲದು.

ಅದಕ್ಕಿಂತ ಮೊದಲು ಬಿ12, ಥೈರಾಯ್ಡ್ ನೋಡಿಸಿ. ನಿದ್ದೆ ಮಾತ್ರೆ ಏನಾದರೂ ನಡೆಯುತ್ತಿದೆಯಾ, ಮನಸ್ಸು ಕುಗ್ಗಿದೆಯಾ ಅಂತ ಡಾಕ್ಟರ ಹತ್ತಿರ ಬಾಯಿಬಿಟ್ಟು ಮಾತಾಡಿ. ಕಿವಿಯನ್ನಂತೂ ಮರೆಯಲೇಬೇಡಿ. ನಾವು ಹೇಳಿದ್ದು ಅವರಿಗೆ ಸರಿಯಾಗಿ ಕೇಳಿಸಿಯೇ ಇಲ್ಲದಿದ್ದರೆ ನೆನಪಿಟ್ಟುಕೊಳ್ಳುವುದು ಏನನ್ನ?