ರಾಗಿ ಮೊಳಕೆಯೂ ನಾಲ್ಕು ಮೇಣದಬತ್ತಿಯೂ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಅಡ್ವೆಂಟ್, ಅಂದರೆ ಆಗಮನ ಕಾಲ. ಕಾರವಾರದ ನಮ್ಮ ಕ್ರಿಶ್ಚಿಯನ್ ಮನೆಗಳಿಗೂ ಈಗ ಅಡ್ವೆಂಟ್ ರೀತ್ ಬಂದಿದೆ. ಹಸಿರು ಎಲೆಯ ಚಕ್ರ, ಅದರ ಮೇಲೆ ಭಾನುವಾರಕ್ಕೊಂದು ಹಚ್ಚಲು ನಾಲ್ಕು ಮೇಣದಬತ್ತಿ. ನವೆಂಬರ್ ಕೊನೆಗೆ ಊರಿನವರು ಕಳಿಸುವ ಫೋಟೊಗಳಲ್ಲಿ ಅದು ವರ್ಷದಿಂದ ವರ್ಷಕ್ಕೆ ಜಾಸ್ತಿ ಕಾಣುತ್ತಿದೆ. ಹೆಚ್ಚಿನವು ಆನ್‌ಲೈನಿನಲ್ಲಿ ತರಿಸಿದ ಪ್ಲಾಸ್ಟಿಕ್ಕಿನವು. ಬತ್ತಿಗೆ ಬೆಂಕಿಯ ಬದಲು ಬ್ಯಾಟರಿ. ಒಂದು ಸ್ವಿಚ್ ಒತ್ತಿದರೆ ನಾಲ್ಕೂ ಒಟ್ಟಿಗೆ ಹತ್ತುತ್ತವೆ. ನನಗೆ ಬೇಸರ ಆಗುವುದು ಅಲ್ಲೇ. ನಾಲ್ಕನ್ನೂ ಮೊದಲ ದಿನವೇ ಹೊತ್ತಿಸುವುದಾದರೆ ಆ ಚಕ್ರ ಯಾಕೆ ಬೇಕು?

ನಾನಿರುವುದು ಹ್ಯಾಂಬರ್ಗಿನಲ್ಲಿ. ಆ ಚಕ್ರ ಹುಟ್ಟಿದ್ದೂ ಇದೇ ಊರಿನಲ್ಲಿ. ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬ ಪ್ರೊಟೆಸ್ಟಂಟ್ ಬೋಧಕರು 1833ರಲ್ಲಿ ಇಲ್ಲಿ ಬಡ, ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಆಶ್ರಯಮನೆ ಶುರುಮಾಡಿದ್ದರು. ಕ್ರಿಸ್ಮಸ್ಸಿಗೆ ಇನ್ನೆಷ್ಟು ದಿನ, ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಕೇಳುತ್ತಿದ್ದವಂತೆ. 1839ರಲ್ಲಿ ಅವರು ಒಂದು ಹಳೆಯ ಗಾಡಿಚಕ್ರ ತಂದು ಅದರ ಮೇಲೆ ಬತ್ತಿ ಇಟ್ಟರು. ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ನಡುವಿನ ದಿನಗಳಿಗೆ ಸಣ್ಣ ಕೆಂಪು ಬತ್ತಿ. ದಿನಕ್ಕೊಂದು ಹೊತ್ತಿಸುವುದು. ಹೊತ್ತಿಸದೆ ಉಳಿದವನ್ನು ಮಕ್ಕಳೇ ಎಣಿಸಿಕೊಳ್ಳುವುದು. ಮಕ್ಕಳಿಗೆ ಕಾಯುವುದನ್ನು ಕಲಿಸಬೇಕಿತ್ತು, ಚಕ್ರ ಅದಕ್ಕೆ ಬಂತು. ಆಮೇಲೆ ಸಣ್ಣ ಬತ್ತಿಗಳು ಹೋಗಿ ನಾಲ್ಕೇ ಉಳಿದವು. ಕಥೋಲಿಕರು ಇದನ್ನು ತಮ್ಮದಾಗಿಸಿಕೊಂಡದ್ದು ಇನ್ನೂ ತಡವಾಗಿ. ಜರ್ಮನಿಯಲ್ಲೇ ಕಥೋಲಿಕ ಇಗರ್ಜಿಯೊಂದರಲ್ಲಿ (ಚರ್ಚಿನಲ್ಲಿ) ಅದು ಮೊದಲು ತೂಗಿದ್ದು 1925ರಲ್ಲಿ, ಕೊಲೋನ್ ನಗರದಲ್ಲಿ ಎನ್ನುತ್ತಾರೆ. ಮೂರು ನೇರಳೆ, ಒಂದು ಗುಲಾಬಿ ಬತ್ತಿ ಅಂತ ನಮ್ಮವರು ಹುಡುಕಿ ತರಿಸುತ್ತಾರಲ್ಲ, ಇಲ್ಲಿಯ ಎಷ್ಟೋ ಮನೆಗಳಲ್ಲಿ ನಾಲ್ಕೂ ಕೆಂಪು ಬತ್ತಿಗಳೇ.

ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. ಈ ಚಕ್ರ ಇಲ್ಲದ ನಮ್ಮ ಅಜ್ಜಿಯರ ಕಾಲದ ಆಗಮನ ಕಾಲ ಏನೋ ಅರೆಬರೆ ಆಗಿತ್ತು, ಈಗ ಸರಿಯಾಗಿ ಮಾಡುತ್ತಿದ್ದೇವೆ ಎಂಬ ಮಾತು ಊರಿನಲ್ಲಿ ಕಿವಿಗೆ ಬೀಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಹಳೆ ಮನೆಗಳಲ್ಲಿ ಆ ನಾಲ್ಕು ವಾರಕ್ಕೆ ಬೇಕಾದ್ದೆಲ್ಲ ಇತ್ತು. ಹೊರಗಿನಿಂದ ತರಬೇಕಾದ ವಸ್ತು ಒಂದೂ ಇರಲಿಲ್ಲ.

ಹ್ಯಾಂಬರ್ಗಿನ ಡಿಸೆಂಬರ್ ನೋಡಿದವರಿಗೆ ಮೇಣದಬತ್ತಿಯ ಬೆಲೆ ಗೊತ್ತಾಗುತ್ತದೆ. ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಬೆಳಿಗ್ಗೆ ಎಂಟಾದರೂ ಬೆಳಕಿಲ್ಲ. ಮರಗಳು ಬೋಳು. ಅಂಥ ಕಡೆ ಭಾನುವಾರ ಮಧ್ಯಾಹ್ನದ ಕಾಫಿ ಹೊತ್ತಿಗೆ ಮನೆಯವರೆಲ್ಲ ಮೇಜಿನ ಸುತ್ತ ಕೂತು ಒಂದು ಬತ್ತಿ ಹಚ್ಚಿದರೆ, ಮುಂದಿನ ವಾರ ಎರಡು ಹಚ್ಚಿದರೆ, ಬೆಳಕು ಬರುತ್ತಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಕಾರವಾರದಲ್ಲಿ ಡಿಸೆಂಬರಿನಲ್ಲೂ ಆರು ಗಂಟೆಯವರೆಗೆ ಬೆಳಕು. ಕೋಡಿಬಾಗದ ಕಡೆಯ ಮನೆಯಾದರೆ ಕಾಳಿ ನದಿಯ ಕಡೆಯಿಂದ ಬರುವ ಗಾಳಿಗೆ ಜಗುಲಿಯಲ್ಲಿ ಮೇಣದಬತ್ತಿ ನಿಲ್ಲುವುದೇ ಇಲ್ಲ. ನಮ್ಮ ಕಡೆಯ ಡಿಸೆಂಬರ್ ಕತ್ತಲೆಯ ತಿಂಗಳಲ್ಲ. ಅದು ಭತ್ತದ ಕೊಯ್ಲು ಮುಗಿದು, ಅಂಗಳದಲ್ಲಿ ಹೊಸ ಹುಲ್ಲಿನ ವಾಸನೆ ಇರುವ ತಿಂಗಳು. ನಮ್ಮ ಹಿರಿಯರ ಗುರುತುಗಳು ಆ ನೆಲದಿಂದ ಬಂದವು.

ಅವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ರಾಗಿ ಮೊಳಕೆ. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹಸಿರು ಬೇಕಲ್ಲ, ಅದಕ್ಕೆ ಡಿಸೆಂಬರ್ ಮೊದಲ ಎರಡು ವಾರದೊಳಗೆ ರಾಗಿ ಬಿತ್ತುತ್ತಿದ್ದರು. ನಮ್ಮ ಮನೆಯಲ್ಲಿ 8ನೇ ತಾರೀಖಿನ ಮಾತೆ ಮರಿಯಮ್ಮನ ಹಬ್ಬ ಆದ ಮೇಲೆ. ಹಳೆಯ ಬಿಸ್ಕತ್ ಡಬ್ಬದ ಮುಚ್ಚಳ, ಒಡೆದ ತಟ್ಟೆ, ತೆಂಗಿನ ಚಿಪ್ಪು, ಏನು ಸಿಕ್ಕರೂ ಆಗುತ್ತಿತ್ತು. ಎರಡು ಬೆರಳು ದಪ್ಪ ಮರಳುಮಣ್ಣು, ಮೇಲೆ ರಾತ್ರಿ ನೆನೆಸಿಟ್ಟ ರಾಗಿ, ಅದರ ಮೇಲೆ ಒದ್ದೆ ಬಟ್ಟೆ. ಬಟ್ಟೆ ತೆಗೆಯುವ ಹೊತ್ತಿಗೆ ಬಿಳಿ ಬೇರು ಮಣ್ಣಿಗೆ ಕಚ್ಚಿರುತ್ತದೆ. ಆಮೇಲೆ ಹಸಿರು ಕೂದಲಿನಂತೆ ಏಳುತ್ತದೆ. ನೀರು ಚೆಲ್ಲಬಾರದು, ಕೈ ಅದ್ದಿ ಚಿಮುಕಿಸಬೇಕು. ಚೆಲ್ಲಿದರೆ ಕಾಳೆಲ್ಲ ಒಂದು ಮೂಲೆಗೆ ಹೋಗಿ ಗೋದಲಿಯ ಬಯಲು ಬೋಳಾಗುತ್ತದೆ. ಬಿಸಿಲಿಗೆ ಇಟ್ಟರೆ ಬೇಗ ಬಾಡುತ್ತದೆ, ಪೂರಾ ಕತ್ತಲಲ್ಲಿ ಇಟ್ಟರೆ ಹಳದಿ ಆಗುತ್ತದೆ. ಈ ಕೆಲಸ ಮನೆಯ ಎಲ್ಲರಿಗಿಂತ ಸಣ್ಣ ಮಗುವಿನದು. ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೆ ಓಡುವುದು. 24ರ ಸಂಜೆಗೆ ಅದು ದಟ್ಟ ಹಸಿರು. ಮಣ್ಣಿನ ಕುರುಬರು, ಕುರಿಗಳು ಅದರ ನಡುವೆ ನಿಲ್ಲುತ್ತಿದ್ದವು.

ನೋಡಿ, ವಿಖೆರ್ನರ ಗಾಡಿಚಕ್ರ ಮಾಡಿದ ಕೆಲಸವನ್ನೇ ಇದೂ ಮಾಡುತ್ತದೆ. ಇನ್ನೆಷ್ಟು ದಿನ ಎಂಬ ಪ್ರಶ್ನೆಗೆ ಮಗುವಿನ ಕಣ್ಣೆದುರೇ ಉತ್ತರ ಬೆಳೆಯುತ್ತದೆ. ಒಂದು ಹೆಚ್ಚುಗಾರಿಕೆಯೂ ಇದೆ. ಬತ್ತಿಯನ್ನು ಯಾರಾದರೂ ಯಾವಾಗ ಬೇಕಾದರೂ ಹಚ್ಚಬಹುದು. ರಾಗಿಯನ್ನು ಅವಸರಪಡಿಸಲು ಆಗುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. ಗೋವಾದಲ್ಲಿ ಇದೆ, ಮಂಗಳೂರಿನ ಕಡೆ ಇದೆ. ದೂರದ ಕ್ರೊಯೇಷಿಯಾದವರು ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬದ ದಿನ ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಅದು ಹಸಿರಾಗಿ ಎದ್ದಿರುತ್ತದೆ. ಜರ್ಮನಿಯಲ್ಲೇ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ದಿನ, ಚೆರಿ ಮರದ ಒಣಗಿದಂತೆ ಕಾಣುವ ರೆಂಬೆ ಕತ್ತರಿಸಿ ನೀರಿನಲ್ಲಿಡುವ ಪದ್ಧತಿ ಇದೆ. ಬೆಚ್ಚಗಿನ ಮನೆಯೊಳಗೆ ಕ್ರಿಸ್ಮಸ್ಸಿಗೆ ಅದು ಹೂ ಬಿಡುತ್ತದೆ. ಚಳಿಯ ದೇಶದವರೂ ಸಮುದ್ರ ದಂಡೆಯ ನಾವೂ ಒಂದೇ ಯೋಚನೆಗೆ ಬಂದಿದ್ದೇವೆ. ಆಗಮನ ಕಾಲದಲ್ಲಿ ಇಗರ್ಜಿಯಲ್ಲಿ ಓದುವ ಪ್ರವಾದಿ ಯೆಶಾಯನ 11ನೇ ಅಧ್ಯಾಯದ ಮೊದಲ ಮಾತೇ ಇದು. ಕಡಿದ ಬುಡದಿಂದ ಚಿಗುರು ಬರುತ್ತದೆ, ದಾವೀದ ರಾಜನ ತಂದೆ ಜೆಸ್ಸೆಯ ಬೇರಿನಿಂದ ಹೊಸ ಕುಡಿ ಏಳುತ್ತದೆ ಎಂದು. ಆ ವಾಕ್ಯವನ್ನು ರಾಗಿ ತಟ್ಟೆಯ ಮುಂದೆ ಮಗುವಿನಿಂದ ಓದಿಸಿ ನೋಡಿ. ಪಾಠ ಹೇಳುವುದೇ ಬೇಡ.

ಇನ್ನು ಸಂಜೆಯ ಪ್ರಾರ್ಥನೆ. ಇದರಲ್ಲಿ ಹ್ಯಾಂಬರ್ಗಿಗೂ ಕಾರವಾರಕ್ಕೂ ಇರುವ ವ್ಯತ್ಯಾಸ ದೊಡ್ಡದು. ಇಲ್ಲಿ ಅಡ್ವೆಂಟ್ ಭಾನುವಾರದ ವಿಷಯ. ವಾರದ ದಿನಗಳಲ್ಲಿ ಮಕ್ಕಳಿಗೆ ಕ್ಯಾಲೆಂಡರ್ ಇದೆ, 24 ಸಣ್ಣ ಬಾಗಿಲು, ಪ್ರತಿ ಬಾಗಿಲ ಹಿಂದೆ ಒಂದು ಚಾಕಲೇಟ್. ನಮ್ಮಲ್ಲಿ ತೇರ್ಸ್ ದಿನಾ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮಗೆ ಜಪಸರ ಎಂಬ ಮಾತಿಗಿಂತ ತೇರ್ಸ್ ಎಂಬುದೇ ಹತ್ತಿರ. ಏಳು ಗಂಟೆಗೆ ಆಲ್ತಾರಿನ, ಅಂದರೆ ಮನೆಯ ಪ್ರಾರ್ಥನಾ ಪೀಠದ, ದೀಪ ಹಚ್ಚಿದರೆ ಯಾರ ಕೈಯಲ್ಲಿ ಏನೇ ಕೆಲಸ ಇರಲಿ ಬಿಟ್ಟು ಬರಬೇಕು. ಐದು ದಶಕದ ಜಪ, ಅಂದರೆ ಹತ್ತು ಮಣಿಯ ಐದು ಸುತ್ತು, ಮುಗಿದರೂ ಏಳುವ ಹಾಗಿಲ್ಲ. ಆಮೇಲೆ ಒಂದೊಂದಾಗಿ ಪರಲೋಕ ಮಂತ್ರಗಳು, ಅಂದರೆ ಯೇಸು ಕಲಿಸಿದ ಪ್ರಾರ್ಥನೆ. ಹಡಗಿನಲ್ಲಿ ಇರುವವರಿಗೆ ಒಂದು. ಗಲ್ಫಿನಲ್ಲಿ ಇರುವವರಿಗೆ ಒಂದು. ಹಾಸಿಗೆ ಹಿಡಿದ ಪಕ್ಕದ ಮನೆಯ ಅಜ್ಜನಿಗೆ ಒಂದು, ಅವರು ನಮ್ಮ ಜಾತಿಯವರೋ ಧರ್ಮದವರೋ ಎಂಬ ಪ್ರಶ್ನೆ ಇಲ್ಲ. ತೀರಿಹೋದವರಿಗೆ, ನೆನೆಯಲು ಯಾರೂ ಇಲ್ಲದ ಆತ್ಮಗಳಿಗೆ. ಸಣ್ಣವರಿದ್ದಾಗ ಇದು ಮುಗಿಯುವುದೇ ಇಲ್ಲ ಅನಿಸುತ್ತಿತ್ತು. ಕೊನೆಗೆ ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಒಬ್ಬರನ್ನೂ ಬಿಡದೆ. ಬೆಳಿಗ್ಗೆ ಜಗಳ ಆಡಿದವರ ಮುಂದೆಯೂ ರಾತ್ರಿ ಕೈಮುಗಿಯಲೇಬೇಕು. ಒಂದು ಮನೆಯನ್ನು ಒಂದಾಗಿ ಇಡಲು ಇದಕ್ಕಿಂತ ಒಳ್ಳೆಯ ಪದ್ಧತಿ ನಾನು ಯುರೋಪಿನಲ್ಲಿ ಎಲ್ಲೂ ಕಂಡಿಲ್ಲ.

ಆಗಮನ ಕಾಲದಲ್ಲಿ ಆ ಹಡಗಿನವರ ಪರಲೋಕ ಮಂತ್ರಕ್ಕೆ ಬೇರೆಯೇ ತೂಕ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹೊರಗೆ ದುಡಿಯುತ್ತಾರೆ. ರಜೆ ಸಿಕ್ಕಿತೋ, ಕ್ರಿಸ್ಮಸ್ಸಿಗೆ ಮುಟ್ಟುತ್ತಾರೋ ಎಂದು ಮನೆ ಕಾಯುತ್ತಿರುತ್ತದೆ. ಬರುವವನಿಗಾಗಿ ಕಾಯುವುದು ಅಂದರೆ ಏನು ಎಂದು ಅಂಥ ಮನೆಯ ಮಗುವಿಗೆ ಕಲಿಸಬೇಕಾಗಿಲ್ಲ.

ನಮ್ಮ ಮೊದಲ ವಾರಕ್ಕೆ ಇನ್ನೊಂದು ಗುರುತಿದೆ, ಅದನ್ನು ಜರ್ಮನಿಯವರಿಗೆ ವಿವರಿಸುವುದು ಕಷ್ಟ. ಡಿಸೆಂಬರ್ 3, ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. 1552ರಲ್ಲಿ ಚೀನಾದ ದಂಡೆಯ ಒಂದು ದ್ವೀಪದಲ್ಲಿ ಅವರು ತೀರಿಕೊಂಡ ದಿನ. ನವೆಂಬರ್ 24ರಿಂದಲೇ ನೊವೆನಾ, ಒಂಬತ್ತು ದಿನದ ಪ್ರಾರ್ಥನೆ. ಕಾರವಾರದಿಂದ ಅವರ ದೇಹ ಇರುವ ಹಳೆ ಗೋವಾ ದೂರವೇನಲ್ಲ, ರೈಲಿನಲ್ಲಿ ಹೋಗುವವರಿದ್ದಾರೆ, ನಡೆದೇ ಹೋಗುವವರೂ ಇದ್ದಾರೆ. ಹಾಗಾಗಿ ನಮ್ಮ ಆಗಮನ ಕಾಲ ಮೇಜಿನ ಸುತ್ತ ಕೂತು ಶುರುವಾಗುವುದಿಲ್ಲ, ದಾರಿಯ ಮೇಲೆ ಶುರುವಾಗುತ್ತದೆ.

ನಕ್ಷತ್ರದ ಬಗ್ಗೆ ಒಂದು ಮಾತು. ದೀಪಾವಳಿಯ ಆಕಾಶಬುಟ್ಟಿ ಇಳಿದ ಮೇಲೆ ನಮ್ಮ ನಕ್ಷತ್ರ ಏರುತ್ತದೆ. ಬಿದಿರಿನ ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟು ಎರಡಕ್ಕೂ ಒಂದೇ. ಕೇರಿಯಲ್ಲಿ ಎರಡನ್ನೂ ಕಟ್ಟುವ ಹುಡುಗರೂ ಎಷ್ಟೋ ಸಲ ಒಬ್ಬರೇ. ಜರ್ಮನಿಯ ಹೆರ್ನ್‌ಹುಟ್ ನಕ್ಷತ್ರ ಚೆಂದ, ಹತ್ತೊಂಬತ್ತನೇ ಶತಮಾನದಲ್ಲಿ ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಶಾಲೆಯ ಮಕ್ಕಳು ಗಣಿತದ ಪಾಠಕ್ಕೆ ಮಾಡಿದ್ದು. ಆದರೆ ನಮ್ಮ ಬಿದಿರಿನದ್ದೇನೂ ಕಡಿಮೆಯಲ್ಲ.

ಹಾಗಂತ ಹ್ಯಾಂಬರ್ಗಿನಿಂದ ಕಲಿಯುವುದು ಇಲ್ಲವೇ? ಇದೆ, ಮುಖ್ಯವಾದದ್ದೇ ಇದೆ. ಇಲ್ಲಿಯ ಹಳೆ ಪದ್ಧತಿಯ ಮನೆಗಳಲ್ಲಿ ಕ್ರಿಸ್ಮಸ್ ಮರ ನಿಲ್ಲುವುದು 24ರಂದೇ. ಅದಕ್ಕೆ ಮುಂಚೆ ಹಾಡುವುದು ಅಡ್ವೆಂಟಿನ ಹಾಡು, ಕ್ರಿಸ್ಮಸ್ಸಿನದಲ್ಲ. ಪೇಟೆಯಲ್ಲಿ ಸೆಪ್ಟೆಂಬರಿನಿಂದಲೇ ಕ್ರಿಸ್ಮಸ್ ತಿಂಡಿ ಮಾರುತ್ತಾರೆ, ಜನ ಗೊಣಗುತ್ತಾರೆ, ಆದರೂ ಮನೆಯೊಳಗೆ ಆ ಗಡಿಯನ್ನು ಕಾಯುವವರು ಇದ್ದಾರೆ. ನಮ್ಮಲ್ಲೂ ಆ ಗಡಿ ಇತ್ತು. ಆಗಮನ ಕಾಲದಲ್ಲಿ ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ, 24ರ ರಾತ್ರಿ ಅದು ಮತ್ತೆ ಎದ್ದಾಗ ಮೈ ಜುಮ್ಮೆನ್ನುವುದು ಅದಕ್ಕೇ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಮಾಡುವುದು ಕೊನೆಯ ವಾರದಲ್ಲಿ. ಹೊಸ ಬಾಚಣಿಗೆಯ ಹಲ್ಲಿಗೆ ಹಿಟ್ಟು ಒತ್ತಿ ಕಿಡಿಯೊ ಎಂಬ ಸುರುಳಿ ತಿಂಡಿ ಸುತ್ತುವುದಕ್ಕೆ ಮಕ್ಕಳಿಗೂ ಜಾಗ ಇತ್ತು, ಕರಿದದ್ದನ್ನು ಡಬ್ಬಕ್ಕೆ ಹಾಕಿ ಮುಚ್ಚಿದ ಮೇಲೆ ಮಾತ್ರ ಯಾರಿಗೂ ಇಲ್ಲ. ಹಬ್ಬದ ದಿನ ಮೊದಲ ತಟ್ಟೆ ಹೋಗುತ್ತಿದ್ದದ್ದು ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ.

ಈಗ ಡಿಸೆಂಬರ್ ಒಂದರಿಂದಲೇ ಕೇಕ್, ಪಾರ್ಟಿ, ಕ್ರಿಸ್ಮಸ್ ಹಾಡು. 25ಕ್ಕೆ ಎಲ್ಲರಿಗೂ ಸುಸ್ತು. ಅಂಗಡಿಯಲ್ಲಿ ಸಿಗುವ ಗೋದಲಿ ಸೆಟ್ಟುಗಳಲ್ಲಿ ಬಾಲಯೇಸುವನ್ನು ಮೊದಲೇ ಅಂಟಿಸಿರುತ್ತಾರೆ. ಇದು ಸಣ್ಣ ವಿಷಯ ಅಂತ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಮೊದಲ ಗೋದಲಿ ಮಾಡಿದಾಗ ಅಲ್ಲಿದ್ದದ್ದು ಹುಲ್ಲು, ಎತ್ತು, ಕತ್ತೆ. ತೊಟ್ಟಿಲು 24ರ ರಾತ್ರಿಯವರೆಗೆ ಖಾಲಿ ಇರಬೇಕು. ಅಲ್ಲಿಯವರೆಗೆ ಮಕ್ಕಳು ಒಂದು ಒಳ್ಳೆಯ ಕೆಲಸಕ್ಕೆ ಒಂದು ಹುಲ್ಲುಕಡ್ಡಿಯಂತೆ ಅದನ್ನು ಮೆತ್ತಗೆ ಮಾಡುತ್ತಾರೆ. ಹುಲ್ಲಿಗೆ ನಮ್ಮಲ್ಲಿ ಬರ ಇಲ್ಲವಲ್ಲ.

ದಿನಾ ಪೂರ್ತಿ ತೇರ್ಸ್ ಕಷ್ಟ, ಗಂಡ ಹೆಂಡತಿ ಇಬ್ಬರೂ ಕೆಲಸದಿಂದ ಬರುವುದೇ ಎಂಟಕ್ಕೆ ಎನ್ನುವವರ ತಾಪತ್ರಯ ನನಗೆ ಅರ್ಥವಾಗುತ್ತದೆ. ಅವರಿಗೆ ಹತ್ತು ನಿಮಿಷ ಸಾಕು. ಒಂದು ದಶಕ, ಹೆಸರು ಹೇಳಿ ನಾಲ್ಕು ಪರಲೋಕ ಮಂತ್ರ, ಬೆಸಾಂವ್. ಡಿಸೆಂಬರ್ 17ರಿಂದ 23ರವರೆಗೆ ಇಗರ್ಜಿಯ ಸಂಜೆಯ ಪ್ರಾರ್ಥನೆಯಲ್ಲಿ ಬರುವ ಏಳು ಹಳೆಯ ಕರೆಗಳಿವೆ. ಜ್ಞಾನವೇ ಬಾ, ಜೆಸ್ಸೆಯ ಬೇರೇ ಬಾ, ದಾವೀದನ ಬೀಗದ ಕೈಯೇ ಬಾ ಎಂದು ಹೋಗಿ ಕೊನೆಯ ದಿನ ಇಮ್ಮಾನುವೇಲನೇ ಬಾ ಎನ್ನುತ್ತವೆ. ದಿನಕ್ಕೆ ಒಂದೇ ಸಾಲು. ಅದನ್ನು ಸೇರಿಸಿಕೊಂಡರೂ ಹತ್ತು ನಿಮಿಷ ದಾಟುವುದಿಲ್ಲ. ಮೇಣದಬತ್ತಿಯ ಚಕ್ರ ಇಷ್ಟವಾದವರು ಅದನ್ನೂ ಇಡಲಿ, ನನ್ನ ತಕರಾರಿಲ್ಲ. ನಿಜವಾದ ಬತ್ತಿ ಇಡಿ, ನಿಮ್ಮ ಹಿತ್ತಲಿನ ಮಾವಿನೆಲೆ ಇಡಿ, ಮತ್ತು ವಾರಕ್ಕೆ ಒಂದೇ ಹಚ್ಚಿ.

ಕೊನೆಗೆ, ಊರಿನಲ್ಲಿ ಗೋದಲಿ ಸ್ಪರ್ಧೆ ನಡೆಸುವವರಲ್ಲಿ ಒಂದು ಕೇಳಿಕೆ. ಬಣ್ಣದ ಲೈಟಿಗೆ, ಮೋಟಾರಿನಲ್ಲಿ ತಿರುಗುವ ಗಾಳಿಗಿರಣಿಗೆ ಅಂಕ ಕೊಡುತ್ತೀರಿ, ಕೊಡಿ. ಬೆಳೆಸಿದ ಹಸಿರಿಗೆ ಬೇರೆಯೇ ಅಂಕ ಇಡಿ, ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿದರೆ ಅದು ಸಿಗದಿರಲಿ. ಈ ನಿಯಮವನ್ನು ಆಗಮನ ಕಾಲದ ಮೊದಲ ಭಾನುವಾರವೇ ಇಗರ್ಜಿಯಲ್ಲಿ ಹೇಳಿಬಿಡಿ. ಬಿತ್ತಲು ಸಮಯ ಇರುತ್ತದೆ.